ಚೋಮಜ್ಜಿ ಮುಚ್ಚಿಟ್ಟ ಕಾಲು

ಹಾಗಲ್ಲ ಧನು, ಹಾಗಲ್ಲ, "ಏಯ್" ಅಂತ ಕೂಗೋದು ಅಂದ್ರೆ ಎಂತ ಅರ್ಥ? ನಾಯಿಯನ್ನಾದ್ರೂ ನಾವು ಹೆಸರು ಹಿಡಿದೇ ಕರೀತೇವೆ. ಆ ಮನುಷ್ಯ ಬೆಳಿಗ್ಗೆಯಿಂದ ನಮ್ಮ ಪಂಪಿನ ಹತ್ರ ಬಗ್ಗಿ ಕೂತು ಕೈಯೆಲ್ಲ ಗ್ರೀಸು ಮಾಡಿಕೊಂಡಿದ್ದಾರೆ, ಕುಡಿಯೋಕೆ ನೀರು ಕೇಳಿದ್ರೆ "ಏಯ್, ಅಲ್ಲಿ ನಲ್ಲಿ ಉಂಟು, ಕುಡಿ" ಅಂದ್ಯಲ್ಲ. ಪಂಪೇ ಕೆಟ್ಟಿದೆ, ನಲ್ಲೀಲಿ ನೀರು ಎಲ್ಲಿಂದ ಬರ್ತದೆ ಪೆದ್ದ? ನಿಮ್ಮ ಸ್ಕೂಲಲ್ಲಿ ಥ್ಯಾಂಕ್ಯೂ, ಸಾರಿ, ಪ್ಲೀಸ್ ಅಂತ ಗೋಡೆಗೆ ಬಣ್ಣ ಬಣ್ಣದಲ್ಲಿ ಬರೆದು ಅಂಟಿಸಿದ್ದಾರೆ ಅಂತ ನಿನ್ನ ತಂಗಿ ಚಿಟ್ಟಿ ಹೇಳಿದ್ಲು. ಗೋಡೆ ಕಲಿತಿದೆ, ನೀನು ಕಲೀಲಿಲ್ಲ. ಬಾ, ಕೂತ್ಕೊ ಇಲ್ಲಿ. ಚಿಟ್ಟಿ, ನೀನೂ ಬಾ. ಬೈಯೋದಿಲ್ಲ, ಬನ್ನಿ. ನಾನೂ ಒಂದು ಕಾಲದಲ್ಲಿ ಮಕ್ಕಳಿಗೆ ಇದನ್ನೇ ಹೇಳಿಕೊಡೋದಕ್ಕೆ ಸಂಬಳ ತಗೊಂಡವಳು ಗೊತ್ತುಂಟಾ? ಮರ್ಯಾದೆ ಕಲಿಸೋ ಟೀಚರು!

ಕೊಡಗು ಮೈಸೂರಿಗೆ ಸೇರಿ ನಾಲ್ಕೈದು ವರ್ಷ ಆಗಿರಬೇಕು ಆಗ. ನಮ್ಮ ಊರಿನ ಹಿರಿಯರೆಲ್ಲ ಇನ್ನೂ "ನಮ್ಮದೇ ರಾಜ್ಯ ಇತ್ತು, ಹೋಯ್ತು" ಅಂತ ಜಗಲಿ ಮೇಲೆ ಕೂತು ಗೊಣಗ್ತಿದ್ರು. ನಮಗೆ ರಾಜ್ಯದ ಚಿಂತೆ ಅಲ್ಲ, ಅಕ್ಕಿಯ ಚಿಂತೆ. ಅಪ್ಪ ಜ್ವರದಲ್ಲಿ ತೀರಿಹೋಗಿ ವರ್ಷ ಆಗಿತ್ತು. ನಾನು ದೊಡ್ಡವಳು, ನನಗೆ ಹದಿನೆಂಟು, ನನ್ನ ಕೆಳಗೆ ಇಬ್ಬರು ತಮ್ಮಂದಿರು. ಗಾಳಿಬೀಡು ಊರಿನ ಮೇಲ್ಗಡೆ ನಮ್ಮದೊಂದು ತುಂಡು ಗದ್ದೆ, ಅದರಲ್ಲಿ ಬೆಳೆದದ್ದು ಆರು ತಿಂಗಳಿಗೂ ಬರ್ತಿರಲಿಲ್ಲ. ರೇಷನ್ನಿಗೆ ಹೋದ್ರೆ ಅಕ್ಕಿ ಇಲ್ಲ, ಗೋಧಿ ತಗೊಳ್ಳಿ ಅಂತಾರೆ. ನಾವು ಗೋಧಿ ಕಂಡವರಾ? ಅವ್ವ ಅದನ್ನ ಅಕ್ಕಿ ಬೇಯಿಸಿದ ಹಾಗೆ ನೀರಿಗೆ ಹಾಕಿ ಒಲೆ ಮೇಲಿಟ್ಲು. ಮಧ್ಯಾಹ್ನ ಆಯ್ತು, ಸಂಜೆ ಆಯ್ತು, ಬೇಯ್ತಾನೇ ಇದೆ. ನನ್ನ ಚಿಕ್ಕ ತಮ್ಮ ಪಾತ್ರೆ ಮುಂದೆ ಕೂತು ಕೇಳ್ತಾನೆ, "ಅವ್ವ, ಇದಕ್ಕೆ ಬೇಯೋಕೆ ಇಷ್ಟ ಇಲ್ವಾ?" ಅಂತ. ನಕ್ಕಿದ್ದೇ ನಕ್ಕಿದ್ದು. ನಗುತ್ತಾ ನಗುತ್ತಾ ಅವ್ವ ಅತ್ತುಬಿಟ್ಲು. ಅಂಥ ಹೊತ್ತಲ್ಲಿ ನನಗೆ ಕೆಲಸ ಸಿಕ್ಕಿದ್ದು. ಹತ್ತಿರದ ಎಸ್ಟೇಟಿನಲ್ಲಿ ರೈಟರಾಗಿದ್ದವರು ನನಗೆ ದೂರದಲ್ಲಿ ಚಿಕ್ಕಪ್ಪ ಆಗಬೇಕು. ಹಾಜರಿ, ಸಂಬಳ, ಯಾರು ಇರಬೇಕು ಯಾರು ಹೋಗಬೇಕು ಎಲ್ಲ ಅವರ ಕೈಲಿ. ಅವರೇ ಬಂದು ಅವ್ವನಿಗೆ ಹೇಳಿದ್ರು, "ಅತ್ತಿಗೆ, ಕೂಲಿಯವರ ಲೈನುಮನೆಗಳ ಸಣ್ಣ ಮಕ್ಕಳನ್ನ ನೋಡ್ಕೊಳ್ಳೋಕೆ ಒಬ್ಬಳು ಬೇಕು, ಇವಳನ್ನ ಕಳಿಸಿ" ಅಂತ. ಅವರ ಉಪಕಾರ ನಾನು ಇವತ್ತಿಗೂ ಇಲ್ಲ ಅನ್ನೋದಿಲ್ಲ.

ಅದು ಸ್ಕೂಲು ಅಲ್ಲ, ಒಂದು ತಗಡಿನ ಶೆಡ್ಡು. ಮುಂದೆ ಮಕ್ಕಳು, ಹಿಂದೆ ಒಲೆ. ತಾಯಂದಿರು ಕಾಫಿ ಹಣ್ಣು ಪಿಕ್ಕಿಂಗಿಗೆ ಹೋಗ್ತಾ ಮಕ್ಕಳನ್ನ ಬಿಟ್ಟು ಹೋಗೋರು, ಹದಿನೈದು ಹದಿನಾರು ಮಕ್ಕಳು, ಮೂರು ವರ್ಷದಿಂದ ಆರು ವರ್ಷದವರೆಗೆ. ಒಂದು ತಮಿಳು, ಒಂದು ತುಳು, ಒಂದು ಮಲಯಾಳ, ಒಂದು ಎಲ್ಲಾ ಸೇರಿಸಿ ಅದರದ್ದೇ ಭಾಷೆ. ಎಸ್ಟೇಟಿನ ಸಾವ್ಕಾರ್ರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅಂತಿದ್ವಿ, ಮೊದಲ ದಿನವೇ ನನಗೆ ಹೇಳಿದ್ರು, "ನೋಡಮ್ಮ, ಅ ಆ ಇ ಈ ಬರದಿದ್ರೂ ಚಿಂತೆಯಿಲ್ಲ, ಮಕ್ಕಳಿಗೆ ಮರ್ಯಾದೆ ಕಲಿಸು. ಬಂದವರಿಗೆ ಬನ್ನಿ ಅನ್ನಲಿ, ಕೊಟ್ಟದ್ದನ್ನ ಎರಡು ಕೈಲಿ ತಗೊಳ್ಳಲಿ." ಅಷ್ಟೇ ತಾನೇ ಅಂದುಕೊಂಡೆ. ಅಷ್ಟೇ ಅಲ್ಲ ಮಗ! ಮೊದಲ ವಾರ ಹಾಲು ಕೊಡೋ ಹೊತ್ತಿಗೆ ಅಲ್ಲಿ ಯುದ್ಧ. ಪುಡಿ ಹಾಲು ಕಲಸಿ ಕೊಡ್ತಿದ್ವಿ, ಮೇಲೆ ನೊರೆ ಬರ್ತದೆ, ಆ ನೊರೆಗೆ ಜಗಳ. "ಏ ತಾ", "ಏ ನಂಗೆ", ಒಬ್ಬರ ಲೋಟಕ್ಕೆ ಇನ್ನೊಬ್ಬರ ಮೂಗು. ನಾನು ಗದರಿ, ಮುದ್ದು ಮಾಡಿ, ಹಾಡು ಕಟ್ಟಿ, ಅಂತೂ ಕಲಿಸಿದೆ. "ಅಜ್ಜಿ, ಸ್ವಲ್ಪ ಹಾಲು ಕೊಡಿ" ಅನ್ನಬೇಕು, "ಸಾಕು ಅಜ್ಜಿ" ಅನ್ನಬೇಕು, ಮನೆಗೆ ಹೊರಟಾಗ ಹೋಗ್ತೇನೆ ಅನ್ನಬಾರದು, ಬರ್ತೇನೆ ಅನ್ನಬೇಕು. ಒಂದು ಹುಡುಗಿ, ಸೆಲ್ವಿ ಅಂತ, ಬೆಳಿಗ್ಗೆ ಒಳಗೆ ಬರ್ತಾನೂ "ಬರ್ತೇನೆ ಟೀಚರ್", ಸಂಜೆ ಹೋಗ್ತಾನೂ "ಬರ್ತೇನೆ ಟೀಚರ್". ಆ ದನಿ ಈಗಲೂ ಕಿವಿಯಲ್ಲಿ ಉಂಟು. ಎಂಥ ಚೆಂದದ ದಿನಗಳು ಅವು, ಹೊಟ್ಟೆಗಿಲ್ಲದಿದ್ರೂ ಚೆಂದ.

ಆಂ, ಅಜ್ಜಿ ಅಂದೆನಲ್ಲ, ಅದು ಯಾರು ಅಂತ ಹೇಳಲಿಲ್ಲ. ಒಲೆ ನೋಡ್ಕೊಳ್ಳೋಕೆ ಚೋಮು ಅಂತ ಒಬ್ಬಳು ಇದ್ಲು. ಒಬ್ಬರು ಇದ್ರು. ಆಗ ನಾನು "ಅವಳು" ಅಂತಲೇ ಹೇಳ್ತಿದ್ದದ್ದು ಮಗ, ಅದು ಹಾಗೇ ಬಾಯಿಗೆ ಬಂತು, ನೋಡು. ಅರವತ್ತು ದಾಟಿದ ಮುದುಕಿ, ತುಳು ಮಾತಾಡೋರು, ಸಣ್ಣ ವಯಸ್ಸಲ್ಲಿ ಸಂಪಾಜೆ ಘಾಟಿ ನಡ್ಕೊಂಡು ಹತ್ತಿ ಬಂದವರಂತೆ. ಕಾಲು ನೋಡಬೇಕಿತ್ತು ನೀನು. ಚಪ್ಪಲಿ ಕಾಣದ ಕಾಲು, ಹಿಮ್ಮಡಿ ಒಡೆದು ಒಣಗಿದ ಗದ್ದೆಯ ಹಾಗೆ. ಗಂಜಿ ಬೇಯಿಸೋದು, ಹಾಲು ಕಲಸೋದು, ಮಕ್ಕಳ ಮೂಗು ಒರೆಸೋದು, ಚಡ್ಡಿ ತೊಳೆಯೋದು ಎಲ್ಲ ಅವರೇ. ಮಕ್ಕಳಿಗೆ ಅವರು ಅಜ್ಜಿ, ನನಗೆ ಬರೀ ಚೋಮು. "ಏ ಚೋಮು, ನೀರು ತಾ." ಹದಿನೆಂಟರ ಹುಡುಗಿ ನಾನು, ಅವರು "ಬಂದೆ ಟೀಚರಮ್ಮ" ಅಂತ ಓಡಿ ಬರೋರು. ಜಾತಿ ಮಗ, ಜಾತಿ. ಶೆಡ್ಡಲ್ಲಿ ಅವರ ಕೈಯ ನೀರು, ಹಾಲು ನಡೀತಿತ್ತು, ನಮ್ಮ ಮನೆಗೆ ಬಂದ್ರೆ ಮಾತ್ರ ಅವರು ಅಂಗಳದಲ್ಲೇ ನಿಲ್ಲಬೇಕು, ಅದು ತಪ್ಪು ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಕ್ಕಳ ಮುಂದೆ ನಿಂತು ಮರ್ಯಾದೆ ಪಾಠ, ಹಿಂದೆ ತಿರುಗಿ "ಏ ಚೋಮು". ಈಗ ನೆನೆಸಿದ್ರೆ ನಾಚಿಕೆ ಆಗ್ತದೆ.

ಆ ವರ್ಷ ಹುತ್ತರಿ ಹತ್ರ ಬಂತು. ಹುತ್ತರಿಗೆ ಹೊಸ ಕದಿರು ಮನೆಗೆ ತಂದ ಮೇಲೆ ಕಿರಿಯರೆಲ್ಲ ಹಿರಿಯರ ಕಾಲು ಹಿಡಿಯೋದು ನಮ್ಮಲ್ಲಿ ಪದ್ಧತಿ. ಬಗ್ಗಿ ಎರಡೂ ಕೈಯಲ್ಲಿ ಪಾದ ಮುಟ್ಟೋದು, ಕೈಯನ್ನ ಎದೆಗೆ ತಗೊಳ್ಳೋದು, ಹಾಗೆ ಮೂರು ಸಲ. ಹಿರಿಯರು ತಲೆ ಮೇಲೆ ಕೈ ಇಟ್ಟು ಒಳ್ಳೇದಾಗಲಿ ಅಂತಾರೆ. ಹುತ್ತರಿಯ ಮಾರನೇ ದಿನ ಅಮ್ಮಾವ್ರು ಲೈನಿನ ಮಕ್ಕಳಿಗೆ ತಿಂಡಿ ಹಂಚೋಕೆ ಬರ್ತಾರೆ, ಅವತ್ತು ಮಕ್ಕಳು ಚೆಂದಕ್ಕೆ ಕಾಲು ಹಿಡಿದು ತೋರಿಸಬೇಕು ಅಂತ ನನಗೆ ಆಸೆ. ಒಂದು ತಿಂಗಳು ಅದೇ ಅಭ್ಯಾಸ. ಒಂದು ಸ್ಟೂಲು ಇಟ್ಟು, ಇದು ಹಿರಿಯರು ಅಂತ ಸ್ಟೂಲಿನ ಕಾಲು ಹಿಡಿಸೋದು! "ಯಾರ ಕಾಲು ಹಿಡೀಬೇಕು ಮಕ್ಕಳೇ?" "ನಮಗಿಂತ ದೊಡ್ಡೋರ ಕಾಲು ಟೀಚರ್!" "ಯಾರೇ ಆಗಲಿ?" "ಯಾರೇ ಆಗಲಿ ಟೀಚರ್!" ಅಂತ ತಗಡು ಹಾರಿಹೋಗೋ ಹಾಗೆ ಕೂಗೋವು. ಆ "ಯಾರೇ ಆಗಲಿ" ಅನ್ನೋದನ್ನ ಹೇಳಿಕೊಟ್ಟವಳು ನಾನೇ. ನನ್ನ ಮನಸ್ಸಲ್ಲಿ ಇದ್ದದ್ದು ಸಾವ್ಕಾರ್ರು, ಅಮ್ಮಾವ್ರು, ರೈಟರು, ಆಮೇಲೆ ನಾನು. ಅಷ್ಟೇ ಜನ. ಒಲೆ ಹತ್ರ ಕೂತವರು ನನ್ನ ಲೆಕ್ಕದಲ್ಲಿ ಬರಲೇ ಇಲ್ಲ.

ಆ ದಿನ ಬಂತು. ಅಮ್ಮಾವ್ರು ಬಂದ್ರು, ಸಾವ್ಕಾರ್ರು ಬಂದ್ರು, ರೈಟರ್ ಚಿಕ್ಕಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿ ಬಂದ್ರು. ಲೈನಿನ ಜನ ಎಲ್ಲ ಸುತ್ತ ನಿಂತಿದ್ದಾರೆ. ಮಕ್ಕಳು ಸಾಲಾಗಿ ಬಂದು ಕಾಲು ಹಿಡಿದ್ವು ನೋಡು, ಒಂದೂ ತಪ್ಪಲಿಲ್ಲ, ಮೂರು ಸಲ ಅಂದ್ರೆ ಮೂರೇ ಸಲ. ಅಮ್ಮಾವ್ರಿಗೆ ಕಣ್ಣಲ್ಲಿ ನೀರು. ನನಗೆ ಕಾಲು ನೆಲದ ಮೇಲಿಲ್ಲ. ರೈಟರ ಮಗ ಚಿಣ್ಣು, ಐದು ವರ್ಷದವನು, ನಮ್ಮ ಶೆಡ್ಡಿಗೇ ಬರ್ತಿದ್ದ. ಅವನು ಅಪ್ಪನ ಕಾಲು ಹಿಡಿದು ಎದ್ದವನು ಸುತ್ತ ನೋಡಿದ. ನೋಡಿ ಸೀದಾ ಹಿಂದಿನ ಬಾಗಿಲಿಗೆ ಹೋದ. ಅಲ್ಲಿ ಚೋಮಜ್ಜಿ ಹಾಲಿನ ಪಾತ್ರೆ ಹಿಡ್ಕೊಂಡು ನಿಂತಿದ್ರು. "ಅಜ್ಜಿ, ಪಾತ್ರೆ ಕೆಳಗಿಡಿ, ಕಾಲು ಕಾಣೋದಿಲ್ಲ" ಅಂದ. ಎಷ್ಟು ಮರ್ಯಾದೆಯಿಂದ ಅಂದ ಗೊತ್ತುಂಟಾ! ಅವರು "ಬೊಡ್ಚಿ ಮಗಾ, ಬೊಡ್ಚಿ" ಅಂತ ಹಿಂದೆ ಹಿಂದೆ ಹೋದ್ರು, ತುಳುವಲ್ಲಿ ಬೇಡ ಅಂತ. ಅವನು ಬಿಡಬೇಕಲ್ಲ? ಬಗ್ಗಿ ಹಿಡಿದೇಬಿಟ್ಟ, ಮೂರು ಸಲ. ಅವನ ಹಿಂದೆ ಸೆಲ್ವಿ, ಸೆಲ್ವಿಯ ಹಿಂದೆ ಇಡೀ ಸಾಲು. ಕೊನೆಗೆ ಆ ಮುದುಕಿ ಅಳುತ್ತಾ ಒಂದೊಂದು ತಲೆ ಮೇಲೂ ಕೈ ಇಟ್ಟು "ಎಡ್ಡೆ ಆವಡ್, ಎಡ್ಡೆ ಆವಡ್" ಅಂದ್ರು. ಒಳ್ಳೇದಾಗಲಿ ಅಂತ. ಅಷ್ಟರಲ್ಲಿ ರೈಟರ್ ಚಿಕ್ಕಪ್ಪ ಹೋಗಿ ಚಿಣ್ಣುವಿನ ರಟ್ಟೆ ಹಿಡಿದು ಎಳೆದ್ರು. ಹೊರಗೆ ನೀರಿನ ಡ್ರಮ್ಮಿನ ಹತ್ರ ನಿಲ್ಲಿಸಿ ಅವನ ಕೈ ಉಜ್ಜಿ ಉಜ್ಜಿ ತೊಳೆದ್ರು, ಎಲ್ಲರ ಎದುರಿಗೆ. ಹುಡುಗ ಅಳ್ತಾನೆ, "ಟೀಚರ್ ಹೇಳಿಕೊಟ್ಟದ್ದಪ್ಪ, ಟೀಚರ್ ಹೇಳಿಕೊಟ್ಟದ್ದು!" ಸಾವ್ಕಾರ್ರು ತೋಟದ ಕಡೆ ನೋಡಿದ್ರು. ಅಮ್ಮಾವ್ರು ತಿಂಡಿ ಡಬ್ಬದ ಮುಚ್ಚಳ ಹಾಕಿದ್ರು.

ಮಾರನೇ ದಿನ ರೈಟರ್ ಚಿಕ್ಕಪ್ಪ ಶೆಡ್ಡಿನ ಹಿಂದಕ್ಕೆ, ಒಲೆಯ ಬದಿಗೆ ಕರೆದ್ರು. ಕೂಗಾಡಲಿಲ್ಲ, ಮೆಲ್ಲಗೇ ಹೇಳಿದ್ರು. "ಯಾರ ಕಾಲು ಹಿಡೀಬೇಕು, ಯಾರದ್ದು ಹಿಡೀಬಾರದು ಅಂತ ಸರಿಯಾಗಿ ಹೇಳಿಕೊಡು. ನಿನಗೆ ಆಗೋದಿಲ್ಲ ಅಂದ್ರೆ ಹೇಳು, ಬೇರೆಯವರು ಸಿಗ್ತಾರೆ." ಸಂಜೆ ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಬೈಯಲಿಲ್ಲ. ಅಕ್ಕಿ ಡಬ್ಬ ತಂದು ನನ್ನ ಮುಂದೆ ಇಟ್ಟು, "ಕೆಲ್ಸ ಹೋದರೆ ಎಂಥ ಮಾಡ್ದು ಗೂಡೆ?" ಅಂತ ಅಷ್ಟೇ ಕೇಳಿದ್ಲು, ಎಂತ ಮಾಡೋದು ಹುಡುಗಿ ಅಂತ. ಡಬ್ಬದ ತಳ ಕಾಣ್ತಿತ್ತು. ಮರುದಿನ ಮಕ್ಕಳ ಮುಂದೆ ನಿಂತು ಹೇಳಿದೆ, "ಇನ್ನು ಮೇಲೆ ಯಾರೂ ಚೋಮು ಕಾಲು ಹಿಡೀಬಾರದು." ಸೆಲ್ವಿ ಎದ್ದು ನಿಂತ್ಲು, ನಾನೇ ಕಲಿಸಿದ ಹಾಗೆ ಕೈ ಕಟ್ಟಿ. "ಯಾಕೆ ಟೀಚರ್? ಅಜ್ಜಿ ನಮಗಿಂತ ಸಣ್ಣವರಾ?" "ಸುಮ್ನೆ ಕೂತ್ಕೊ" ಅಂದೆ. ಹಿಂದೆ ಗಂಜಿ ತಿರುವೋ ಸೌಟಿನ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯ್ತು.

ಅವತ್ತಿಂದ ಎಂತ ಆಯ್ತು ಗೊತ್ತುಂಟಾ? ಮಕ್ಕಳು ಹತ್ರ ಬಂದ್ರೆ ಸಾಕು, ಚೋಮಜ್ಜಿ ಕುಕ್ಕರುಗಾಲಲ್ಲಿ ಕೂತು ಸೀರೆಯನ್ನ ಎಳೆದು ಕಾಲು ಮುಚ್ಚಿಕೊಂಡುಬಿಡೋರು. ಬಡಿಸೋದೂ ಕೂತೇ, ಮೂಗು ಒರೆಸೋದೂ ಕೂತೇ. ನನ್ನ ಮೇಲೆ ಸಿಟ್ಟು ಮಾಡ್ಲಿಲ್ಲ, ಮುಖ ತಿರುಗಿಸಲಿಲ್ಲ. ಹತ್ತು ಗಂಟೆಗೆ ಬೆಲ್ಲದ ಕಾಫಿ ತಂದಿಟ್ಟು "ಕುಡೀರಿ ಟೀಚರಮ್ಮ" ಅನ್ನೋರು, ಮೊದಲಿನ ಹಾಗೇ. ಬೈದಿದ್ರೆ ನನಗೆ ಎಷ್ಟೋ ಸುಖ ಇತ್ತು. ಆ ಕಾಫಿ ಕುಡೀತಿದ್ದೆ. ಅಜ್ಜಿಗೆ ನೋವಾಗಿದೆ, ಅದಕ್ಕೇ ಹೀಗೆ ಮಾಡ್ತಾರೆ ಅಂತ ನಾನು ತಿಳ್ಕೊಂಡಿದ್ದೆ. ಎರಡು ವರ್ಷ ಹಾಗೇ ತಿಳ್ಕೊಂಡಿದ್ದೆ.

ಆಮೇಲೆ ನಿಮ್ಮ ಅಜ್ಜನ ಮನೆಯವರು ನನ್ನನ್ನ ಕೇಳ್ಕೊಂಡು ಬಂದ್ರು, ಮದುವೆ ಗೊತ್ತಾಯ್ತು. ನಿಮ್ಮ ಅಜ್ಜನ ಕಥೆ ಇನ್ನೊಂದಿದೆ, ಮೀಸೆ ಬೋಳಿಸಿಕೊಂಡು ಹೆಣ್ಣು ನೋಡೋಕೆ ಬಂದು... ಅದು ಬೇಡ ಈಗ. ಕೆಲಸದ ಕೊನೇ ದಿನ. ಮಕ್ಕಳೆಲ್ಲ ಹೋದ್ವು. ನಾನು ಒಲೆ ಹತ್ರ ಹೋದೆ. ಚೋಮಜ್ಜಿ ಪಾತ್ರೆ ತಿಕ್ಕುತ್ತಾ ಕೂತಿದ್ರು. ನಾನು ಬಗ್ಗಿದೆ. ನನ್ನ ಕೈಗೆ ಸಿಕ್ಕಿದ್ದು ಬರೀ ಸೀರೆ ಅಂಚು, ಕಾಲು ಒಳಗೆ ಎಳ್ಕೊಂಡಿದ್ರು. "ಬೊಡ್ಚಿ ಟೀಚರಮ್ಮ, ರೈಟರು ಕಂಡ್ರೆ ನಿಮ್ಮ ಕೆಲ್ಸ ಹೋಗ್ತದೆ" ಅಂದ್ರು. ಹಾಗಂದ್ರೆ ಎಂತ ಅಂತ ಕೇಳಿದೆ. "ಮಕ್ಕಳಿಗೆ ಎಂತ ಗೊತ್ತುಂಟು? ನನ್ನ ಕಾಲು ಕಂಡ್ರೆ ಬಗ್ಗುತ್ತವೆ. ಅವು ಬಗ್ಗಿದ್ರೆ ನಿಮ್ಮ ತಮ್ಮಂದಿರಿಗೆ ಗಂಜಿ ಇಲ್ಲ. ಅದಕ್ಕೇ ಮುಚ್ಚಿಟ್ಟದ್ದು" ಅಂದ್ರು. ಎರಡು ವರ್ಷ, ಮಗ! ಸೊಂಟ ನೋವಿನ ಮುದುಕಿ, ಎರಡು ವರ್ಷ ಕುಕ್ಕರುಗಾಲಲ್ಲಿ ಕೂತು ನನ್ನ ಅನ್ನ ಕಾದಿದ್ರು. ನಾನು "ಏ ಚೋಮು" ಅಂತ ಕರೀತಿದ್ದವಳು. ಅಲ್ಲೇ ಬೂದಿಯ ಮೇಲೆ ಕೂತು ಅತ್ತೆ. "ಕೆಲ್ಸ ಬಿಟ್ಟಾಯ್ತು ಚೋಮಜ್ಜಿ, ಇನ್ನು ಯಾರ ಹೆದರಿಕೆ? ಕಾಲು ಈಚೆ ಕೊಡಿ" ಅಂದೆ. ಆಗ ಕೊಟ್ರು. ಮೂರು ಸಲ ಹಿಡಿದೆ. ಪಾತ್ರೆ ತಿಕ್ಕಿದ ಒದ್ದೆ ಕೈಯನ್ನ ಸೀರೆಗೆ ಒರೆಸಿ ತಲೆ ಮೇಲಿಟ್ಟು "ಎಡ್ಡೆ ಆವಡ್" ಅಂದ್ರು. ಇವತ್ತು ನಾನು ನಿಮ್ಮನ್ನೆಲ್ಲ ಇಟ್ಕೊಂಡು ಚೆನ್ನಾಗಿದ್ದೇನಲ್ಲ, ಅದು ಆ ಬಾಯಿಂದ ಬಂದದ್ದು.

ಅಯ್ಯೋ, ಎಷ್ಟು ಒಳ್ಳೆಯವಳು ನಮ್ಮಜ್ಜಿ ಅಂತ ನೋಡ್ಬೇಡ ನನ್ನ ಮುಖ. ಕೆಲಸ ಬಿಟ್ಟ ಮೇಲೆ ಕಾಲು ಹಿಡಿಯೋದರಲ್ಲಿ ಎಂತ ದೊಡ್ಡಸ್ತಿಕೆ? ಹಿಡೀಬೇಕಾದಾಗ ಹಿಡಿದವನು ಚಿಣ್ಣು, ಐದು ವರ್ಷದವನು. ನಾನು ಕಲಿಸಿದವಳು, ಅವನು ಕಲಿತವನು, ಅಷ್ಟೇ ವ್ಯತ್ಯಾಸ. ಮರ್ಯಾದೆ ಅನ್ನೋದು ಒಲೆಯ ಹತ್ರ ಕೂತವರಿಗೆ ಮುಟ್ಟದಿದ್ರೆ ಅದು ಬರೀ ಹೆದರಿಕೆ ಮಗ, ಮರ್ಯಾದೆ ಅಲ್ಲ. ಸಾಕು, ಏಳು. ಆ ಸ್ಟೀಲಿನ ಚೊಂಬಲ್ಲಿ ನೀರು ತಗೋ, ಒಂದು ತುಂಡು ಬೆಲ್ಲವೂ ತಗೋ. ಪಂಪಿನ ಹತ್ರ ಹೋಗಿ ಮೊದಲು ಅವರ ಹೆಸರು ಕೇಳು. ಎರಡೂ ಕೈಯಲ್ಲಿ ಕೊಡು, ಚೆಲ್ಲಬೇಡ.