ಗಾಳಿ ನಿಂತ ಹನ್ನೊಂದು ವಾರ

...ಇಲ್ಲ ಇಲ್ಲ, ಕಿಟಕಿ ಪಕ್ಕ ನೀನೇ ಕೂತ್ಕೋ ಇಂಚರಾ. ನಂಗೆ ಹೊರಗೆ ನೋಡೋ ಆಸೆ ಏನಿಲ್ಲ. ಹತ್ತು ವರ್ಷದಿಂದ ವೆಸ್ಟೆರಾಸ್‌ನಿಂದ ಸ್ಟಾಕ್‌ಹೋಮ್‌ಗೆ ಇದೇ ಟ್ರೈನು, ಇದೇ ಬಯಲು. ಕೋಡುಬಳೆ ತಗೋ. ನಮ್ಮನೆಯವಳು ಪದ್ಮಿನಿ ನಿಂಗೆ ಅಂತಲೇ ಕಟ್ಟಿಕೊಟ್ಟಿದ್ದಾಳೆ... ಬೇಡ್ವಾ? ಸರಿ, ಆಮೇಲೆ ತಿನ್ನು. ಏನು ಹೇಳ್ತಿದ್ದೆ? ಹಾಂ, ಸಹಿ. ಎರಡನೇ ಪುಟದ ಕೆಳಗೆ ನಿನ್ನ ಹೆಸರಿದೆಯಲ್ಲ, ಅಲ್ಲಿ.

ಓದಿ ಹೇಳಬೇಕಾ? ಹೇಳ್ತೀನಿ, ಅದಕ್ಕೇನು. ಇವತ್ತಿನ ಮೀಟಿಂಗ್‌ನಲ್ಲಿ ಕೊಡಬೇಕಾದ ವಿವರಣೆ ಅಷ್ಟೆ. ಉತ್ತರದ ಆ ವಿಂಡ್ ಪಾರ್ಕಿಗೆ ನಾವು ಬರೆದುಕೊಟ್ಟ ಗಾಳಿ ವರದಿ ಹೇಗೆ ತಪ್ಪಾಯ್ತು ಅಂತ. ನಮ್ಮ ಪತ್ರಗಳು ಯಾವಾಗಲೂ ಇಂಗ್ಲಿಷಲ್ಲೇ ಇರ್ತವೆ, ನಿಜ. ಇದನ್ನ ಅಲ್ಲಿಯ ಕೊಮ್ಯೂನಿನವರೂ, ಅದೇ ಪುರಸಭೆಯವರೂ ಓದ್ತಾರಂತೆ, ಕೇಳಿದ್ರು, ಅದಕ್ಕೆ ಸ್ವೀಡಿಷ್. "ತಪ್ಪಾಗಿದೆ, ವಿಷಾದಿಸುತ್ತೇವೆ, ತಂಡವಾಗಿ ಮಾಡಿದ ಕೆಲಸ." ಇಷ್ಟೇ ಅದರ ಸಾರ.

ಯಾಕೆ ಹಾಗೆ ನೋಡ್ತೀಯ? ನಂಗೆ ನಾಚಿಕೆ ಇಲ್ಲ ಅಂದ್ಕೊಂಡ್ಯಾ? ಇದೆಯಮ್ಮ. ನಿನ್ನೆ ಆಫೀಸಿನ ಕಾಫಿ ಹೊತ್ತಿಗೆ, ಫೀಕಾಗೂ ಹೋಗ್ಲಿಲ್ಲ ನಾನು. ಎಲ್ಲರೂ ಬನ್ನು ಹಿಡ್ಕೊಂಡು ಮೀನು ಹಿಡಿಯೋ ವಿಚಾರ ಮಾತಾಡ್ತಾರೆ, ಒಬ್ಬರೂ ಏನೂ ಕೇಳಲ್ಲ. ನಮ್ಮ ಕಡೆ ಆಗಿದ್ರೆ ಎದುರಿಗೆ ನಿಂತು ಉಗಿದು ಉಪ್ಪಿನಕಾಯಿ ಹಾಕ್ತಿದ್ರು, ಮುಗೀತಿತ್ತು. ಇವರು ಕುರ್ಚಿ ಸರಿಸಿ ನಂಗೆ ಜಾಗ ಮಾಡಿಕೊಡ್ತಾರೆ. ಅದನ್ನ ತಡೆಯೋಕಾಗಲ್ಲ.

ತಪ್ಪು ನನ್ನದೇ. ನಿನ್ನ ಮುಂದೆ ಒಪ್ಕೋತೀನಿ. ಚಿತ್ರದುರ್ಗದ ಗುಡ್ಡದ ಮೇಲೆ ಹದಿನಾಲ್ಕು ವರ್ಷ ಗಾಳಿ ಅಳೆದವನು ನಾನು. ಅಲ್ಲಿ ಮಾಪಕ ತಿರುಗದೆ ನಿಂತ್ರೆ ಏನರ್ಥ? ಧೂಳು ಹಿಡಿದಿದೆ, ಇಲ್ಲಾ ಬೇರಿಂಗ್ ಹೋಗಿದೆ. ಆ ದಿನಗಳನ್ನ ತೆಗೆದುಹಾಕು, ಅಕ್ಕಪಕ್ಕದ ದಿನಗಳ ಸರಾಸರಿ ತುಂಬು. ಕೈಗೆ ಕೂತ ಅಭ್ಯಾಸ. ಇಲ್ಲಿ ಆ ಬೆಟ್ಟದ ಮೇಲೆ ಚಳಿಗಾಲದಲ್ಲಿ ಹನ್ನೊಂದು ವಾರ ಮಾಪಕ ನಿಂತೇ ಇತ್ತು. ಇಲ್ಲೂ ಅದನ್ನೇ ಮಾಡಿಸಿದೆ. ಮಾಪಕಕ್ಕೆ ಮಂಜುಗಡ್ಡೆ ಕಟ್ಟಿದ್ರೆ ನಾಳೆ ಟರ್ಬೈನಿನ ರೆಕ್ಕೆಗೂ ಕಟ್ಟುತ್ತೆ, ಯಂತ್ರವೇ ನಿಲ್ಲುತ್ತೆ... ಅಷ್ಟು ಹೊಳೀಲಿಲ್ಲ ನಂಗೆ. ಇಡೀ ಮಂಜುಗಡ್ಡೆನೇ ವರದಿಯಿಂದ ಮಾಯ ಆಯ್ತು.

ಆಮೇಲೆ ಹೂಡಿಕೆದಾರರ ಮುಂದೆ ನಿಂತು ಏನು ಭಾಷಣ ನಂದು. ಜನ ಕಡಿಮೆ, ಜಾಗ ಬೇಕಾದಷ್ಟು, ಗಾಳಿಗೆ ಬರ ಇಲ್ಲ, ಇಡೀ ಯೂರೋಪಿನಲ್ಲಿ ಇದಕ್ಕಿಂತ ಒಳ್ಳೇ ಜಾಗ ಇದ್ರೆ ತೋರಿಸಿ ಅಂತ. ನನ್ನ ಮಾತು ನಂಬಿ ಆ ಊರಿನ ರಿಟೈರ್ ಆದ ಮೇಷ್ಟ್ರು, ನರ್ಸಮ್ಮ ಎಲ್ಲ ಷೇರಿಗೆ ದುಡ್ಡು ಹಾಕಿದ್ರು. ಪಾರ್ಕು ಶುರುವಾದ ಮೇಲೆ ಜನವರಿಯಲ್ಲಿ ಅಲ್ಲಿಗೆ ಬಂದಿದ್ಯಲ್ಲ ನೀನೂ. ಗಾಳಿ ಕಿವಿ ಕಿತ್ಕೊಂಡು ಹೋಗೋ ಹಾಗೆ ಬೀಸ್ತಿದೆ, ಒಂದೇ ಒಂದು ರೆಕ್ಕೆ ಅಲ್ಲಾಡ್ತಿಲ್ಲ. ಆ ನರ್ಸಮ್ಮ ಬೈಯೋದು ಬಿಟ್ಟು ನಮಗೇ ಕಾಫಿ ಬಗ್ಗಿಸಿಕೊಟ್ಟಳು. ಭೂಮಿ ಬಾಯಿಬಿಡಬಾರದಾ ಅನ್ನಿಸ್ತು.

ಪೆನ್ನು ಬರೀತಿಲ್ವಾ? ನನ್ನದು ತಗೋ.

ಏನು... ಹಾಂ. ನೀನು ಹೇಳಿದ್ದೆ. ಇಲ್ಲ ಅನ್ನಲ್ಲ. "ರಾಜಗೋಪಾಲ್ ಸರ್, ಆ ವಾರಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿದೆ, ಇದು ಮಂಜುಗಡ್ಡೆ ಇರಬೇಕು" ಅಂತ ನನ್ನ ಟೇಬಲ್ ಹತ್ರ ಬಂದು ಹೇಳಿದ್ದೆ. "ಹೇಳಿದಷ್ಟು ಮಾಡು" ಅಂದೆ ನಾನು. "ಆಯ್ತು ಸರ್" ಅಂದೆ ನೀನು. ಇಲ್ಲಿಯ ಹುಡುಗರಾಗಿದ್ರೆ ಎಲ್ಲರ ಮುಂದೆ ಇಲ್ಲ ಅಂತಿದ್ರು. ನಾನು ದೊಡ್ಡವನು, ಕೆಲಸಕ್ಕೆ ತಗೊಂಡವನು ಅಂತ ನೀನು ಸುಮ್ಮನಾದೆ. ನೀನು ಸುಮ್ಮನಾದೆ ಅಂತ ನಾನೇ ಸರಿ ಅಂದ್ಕೊಂಡೆ. ನಾವಿಬ್ಬರೂ ಕನ್ನಡದವರಾಗಿದ್ದಕ್ಕೇ ಆದ ತಪ್ಪು ಇದು, ಅಲ್ವಾ?

ನಗಲ್ವಾ? ಸರಿ... ನಗೋ ಮಾತಲ್ಲ.

ನಿನ್ನ ಕೆಲಸಕ್ಕೆ ಏನೂ ಆಗಲ್ಲ, ನಾನಿದ್ದೀನಿ. ಕೆಲಸ ಹೋದ್ರೆ ಪರ್ಮಿಟ್ ಹೋಗುತ್ತೆ, ಮೂರು ತಿಂಗಳಲ್ಲಿ ಬೇರೆ ಸಿಗದಿದ್ರೆ ಗಂಟುಮೂಟೆ ಕಟ್ಟಬೇಕು... ಅದೆಲ್ಲ ನಿನ್ನ ತನಕ ಬರೋದಿಲ್ಲ. ನಂದು ಇಲ್ಲಿಯ ಪಾಸ್‌ಪೋರ್ಟು, ನನ್ನನ್ನ ಯಾರೂ ಕಳಿಸಲ್ಲ. ಈಗ್ಯಾಕೆ ಈ ಮಾತು ತೆಗೆದೆನೋ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.

ಬೋಲ್‌ಸ್ಟಾ ದಾಟ್ತು. ಇನ್ನು ಅರ್ಧ ಗಂಟೆ. ಹಾಕು ಪುಟ್ಟ, ಸಹಿ ಹಾಕು.

ಇಂಚರಾ?

ಅದು ಮೊದಲನೇ ಪುಟ. ಬೆರಳು ಯಾಕೆ ಅಲ್ಲಿಟ್ಟಿದ್ದೀಯ? ಆ ಸಾಲಲ್ಲಿ ಏನಿಲ್ಲ, ಸುಮ್ಮನೆ ತಾಂತ್ರಿಕ ವಿವರ... ಬೆರಳು ತೆಗಿ. ಬೇಕಾದ್ರೆ ಬೈ.

ನಿಂಗೆ... ಸ್ವೀಡಿಷ್ ಓದೋಕೆ ಬರುತ್ತಾ?

ಗುರುವಾರ ಗುರುವಾರ ಲೈಬ್ರರಿಯಲ್ಲಿ ಇಲ್ಲಿಯ ಅಜ್ಜಿಯರ ಜೊತೆ ಕೂತು ಸ್ವೀಡಿಷ್ ಕಲೀತಿದ್ದಾಳೆ ಅಂತ ಪದ್ಮಿನಿ ಹೇಳ್ತಿದ್ಲು. ಕಿವಿಗೆ ಹಾಕ್ಕೊಳ್ಳಲಿಲ್ಲ ನಾನು. ಹಾಗಾದ್ರೆ ಟ್ರೈನ್ ಹತ್ತಿದಾಗಲೇ ನೀನು ಓದಿದ್ದೆ. ಓದಿಯೂ ನನ್ನ ಬಾಯಿಂದ ಹೇಳಿಸ್ದೆ. ಈಗಲಾದ್ರೂ ಹೇಳ್ತಾನೇನೋ, ಈಗಲಾದ್ರೂ ಹೇಳ್ತಾನೇನೋ ಅಂತ ಇಲ್ಲೀತನಕ ಕಾದೆ.

ಹೌದು. "ಹನ್ನೊಂದು ವಾರಗಳ ಅಂಕಿಗಳನ್ನು ಇಂಚರಾ ನನಗೆ ತಿಳಿಸದೆ ಬದಲಾಯಿಸಿದಳು." ನಾನೇ ಬರೆದದ್ದು. ಯಾವ ಕೊಮ್ಯೂನಿನವರೂ ಸ್ವೀಡಿಷ್ ಕೇಳಿರಲಿಲ್ಲ. ಭಾನುವಾರ ಭಾನುವಾರ ನಮ್ಮನೇಲಿ ಉಣ್ಣೋ ಹುಡುಗಿ, ನಾನು ಕೊಟ್ಟ ಕಾಗದಕ್ಕೆ ಕಣ್ಣು ಮುಚ್ಕೊಂಡು ಸಹಿ ಹಾಕ್ತಾಳೆ ಅಂತ ಗೊತ್ತಿತ್ತು ನಂಗೆ.