ಕೆಂಚನ ಮಣ್ಣು

ನಮ್ಮ ಚಿಕ್ಕಪ್ಪನ ಮಗ ಮೂರ್ತಿ ಆ ರಾತ್ರಿ ಅವಲಪಲ್ಲಿ ದಾರಿಯಲ್ಲಿ ಒಬ್ಬನೇ ನಡೆದು ಬರ್ತಿದ್ದ. ಹೆಗಲ ಮೇಲೆ ಒಂದು ಗೊಬ್ಬರದ ಚೀಲ. ಚೀಲದೊಳಗೆ ನಾಯಿ... ಸತ್ತ ನಾಯಿ.

ಮುಖ ಹಾಗೆ ಮಾಡಬೇಡಿ ಕಣ್ರೇ. ಬಸ್ಸು ರಿಪೇರಿ ಆಗೋವರೆಗೆ ಏನಾದರೂ ಹೇಳಕ್ಕಾ ಅಂದವರು ನೀವೇ. ಶಿಫ್ಟು ಮುಗಿಸಿ ಕಾಲು ಎರಡೂ ಮರಗಟ್ಟಿವೆ, ನನಗೇನು ಕತೆ ಕಟ್ಟೋ ಹುಮ್ಮಸ್ಸಿಲ್ಲ. ನಡೆದದ್ದು ನಡೆದ ಹಾಗೆ ಹೇಳ್ತೀನಿ. ನಗೋರು ಆ ಕಡೆ ಸೀಟಿಗೆ ಹೋಗಿ.

ಮೂರ್ತಿ ಹೊಸೂರಿನಲ್ಲಿ ಒಂದು ನಾಯಿ-ಬೆಕ್ಕಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ನಾಯಿ ಅಲ್ಲಾಡದ ಹಾಗೆ ಹಿಡಿಯೋದು, ಗ್ಲೂಕೋಸ್ ಬಾಟಲಿ ಬದಲಿಸೋದು, ನೆಲ ಒರೆಸೋದು, ಎಲ್ಲ ಅವನದೇ. ಆ ಆಸ್ಪತ್ರೆಗೆ ಎರಡು ಬಾಗಿಲು. ಮುಂದಿನದು ಗಾಜಿಂದು, ಅದರ ಮೇಲೆ ನಗೋ ನಾಯಿಮರಿ ಚಿತ್ರ. ಹಿಂದಿನದು ಜನರೇಟರ್ ಪಕ್ಕದ ತಗಡಿನ ಬಾಗಿಲು. ಬದುಕಿರೋ ನಾಯಿ ಮುಂದಿನಿಂದ ಬರುತ್ತೆ. ಸತ್ತರೆ ಹಿಂದಿನಿಂದ ಹೋಗುತ್ತೆ, ಸಾಕಿದವರೂ ಅದರ ಹಿಂದೆಯೇ ಹೋಗಬೇಕು. ಅತ್ತುಕೊಂಡು ಗಾಜಿನ ಬಾಗಿಲಿಂದ ಹೋದರೆ ಕಾಯ್ತಾ ಕೂತವರಿಗೆ ಭಯ ಆಗುತ್ತಂತೆ. ಡಾಕ್ಟರಮ್ಮ ಚಂದ್ರಲೇಖಾ ಕೆಟ್ಟವರು ಅಂತ ನಾನು ಹೇಳೋಲ್ಲ. ಬೆಳಗಿನಿಂದ ನಿಂತೇ ಇರ್ತಿದ್ದರು, ಟೀ ಲೋಟದಲ್ಲೇ ಆರಿಹೋಗ್ತಿತ್ತು. ಬದುಕಿರೋದನ್ನ ನೋಡೋಕೇ ಕೈ ಸಾಲದು. ಸತ್ತದ್ದರ ಹಿಂದೆ ಉಳಿದವರನ್ನ ನೋಡೋ ಕೆಲಸ ಯಾರದೂ ಅಲ್ಲ, ಹಾಗಾಗಿ ಅದೂ ಮೂರ್ತಿ ತಲೆಗೇ ಬಿದ್ದಿತ್ತು.

ಆವತ್ತು ಬಂದವರು ತಳಿ ಊರಿನ ಕಡೆಯ ನರಸಮ್ಮ. ಮಗ ಸೇವಂತಿಗೆ ಬೆಳೀತಾನೆ, ಇವರು ದಿನಾ ಹೂವಿನ ಜೀಪಿನಲ್ಲಿ ಹೊಸೂರಿಗೆ ಬಂದು ಮಾರ್ತಾರೆ. ಅವರ ತೋಟ ಕಾಯೋ ನಾಯಿ ಕೆಂಚ. ಉಣ್ಣೆಹುಳ ಕಚ್ಚಿ ಜ್ವರ ಏರಿತ್ತು. ಬೆಳಿಗ್ಗೆ ಹೂವಿನ ಮೂಟೆಗಳ ನಡುವೆ ಮಲಗಿಸಿಕೊಂಡು ತಂದರು. ಮೂರ್ತಿಯೇ ಅದರ ಮುಂಗಾಲಿಗೆ ಹತ್ತಿ ಸುತ್ತಿ, ಸೂಜಿ ನಿಲ್ಲೋ ಹಾಗೆ ಪ್ಲಾಸ್ಟರು ಅಂಟಿಸಿದ. ದೀಪ ಹಚ್ಚೋ ಹೊತ್ತಿಗೆ, ಬಾಟಲಿ ಇನ್ನೂ ಅರ್ಧ ಇದ್ದ ಹಾಗೇ, ಪ್ರಾಣ ಹೋಯ್ತು.

ಜೀಪು ಯಾವಾಗಲೋ ಹೊರಟುಹೋಗಿತ್ತು. ಸತ್ತ ನಾಯಿನ ಬಸ್ಸಿಗೆ ಹತ್ತಿಸ್ತಾರಾ? ಆಟೋದವನು ಚೀಲ ನೋಡಿದ್ದೇ ಮುಂದೆ ಹೋಗಿಬಿಟ್ಟ. ನರಸಮ್ಮ ದಾರಿ ತೋಚದೆ ನಿಂತಿದ್ದಾಗ ಡಾಕ್ಟರಮ್ಮ, “ನೀವು ಮನೆಗೆ ಹೋಗಿಮ್ಮಾ. ನಾವೇ ಇಲ್ಲಿ ನೀಟಾಗಿ ಮಣ್ಣು ಮಾಡ್ತೀವಿ” ಅಂದರು. ಮೂರ್ತಿ ಕಡೆ ತಿರುಗಿ, “ಪಾತ್ತುಕ್ಕೋ” ಅಂದರು. ನೋಡಿಕೋ ಅಂತ. ಹೇಗೆ ನೋಡಿಕೋಬೇಕು ಅಂತ ಹೇಳಲಿಲ್ಲ. ಅಷ್ಟರಲ್ಲಿ ಮುಂದಿನವರು ಬೆಕ್ಕು ತಂದು ಮೇಜಿನ ಮೇಲೆ ಇಟ್ಟಿದ್ದರು.

ತಗಡಿನ ಬಾಗಿಲ ಹತ್ತಿರ ನರಸಮ್ಮ ಕೇಳಿದರಂತೆ, “ಒಂದ್ಕಿತ ತಲೆ ಸವರ್ಲೇನಪ್ಪಾ?”

“ಚೀಲ ಕಟ್ಬುಟ್ಟೆ ಕಣಮ್ಮಾ...”

“ಓಗ್ಲಿ ಬುಡು.”

ಚೀಲದ ಮೇಲೇ ಕೈಯಾಡಿಸಿ ಬಸ್ಸಿಗೆ ಹೋದರು.

ಈಗ ಮೂರ್ತಿ ಪಾಡು ಕೇಳಿ. ಆಸ್ಪತ್ರೆ ಇರೋದು ಬಾಡಿಗೆ ಕಟ್ಟಡದಲ್ಲಿ. ಹಿತ್ತಲಲ್ಲಿ ಒಂದು ಗುಂಡಿ ತೋಡಿದರೂ ಓನರು ಜಗಳಕ್ಕೆ ಬರ್ತಾನೆ. ಅದು ಡಾಕ್ಟರಮ್ಮನಿಗೂ ಗೊತ್ತು. ಆದರೂ ಬಾಯಿಗೆ ಬಂದ ಸಮಾಧಾನ ಹೇಳಿ ಕಳಿಸಿಬಿಟ್ಟರು. ಮೂರ್ತಿ ಚೀಲ ಹೊತ್ತು ಮನೆ ಕಡೆ ಹೊರಟ. ದಾರಿಯಲ್ಲಿ, ಅವಲಪಲ್ಲಿಗಿಂತ ಸ್ವಲ್ಪ ಮೊದಲು, ಒಂದು ಆಲದ ಮರ. ಸುತ್ತಲೂ ಸೈಟು ಮಾಡಿ ಕಲ್ಲು ನೆಟ್ಟಿದ್ದಾರೆ, ಮರದ ಬುಡದ ಹಾಳುಬಾವಿ ಮಾತ್ರ ಹಾಗೇ ಉಳಿದಿದೆ. ಕಲ್ಲು ಕಟ್ಟಿದ ಬಾವಿ. ನೀರಿಲ್ಲ, ತಳದಲ್ಲಿ ಆಲದೆಲೆ ರಾಶಿ.

ಅಲ್ಲಿ ನಿಂತ. ಆ ಕಡೆ ಈ ಕಡೆ ನೋಡಿದ. ಹೆಗಲು ಕೊಡವಿದ.

ಧಪ್...

ಆಮೇಲೆ ಒಣ ಎಲೆ ಸರಿದ ಸದ್ದು. ಚರಪರ, ಚರಪರ... ನಿಂತಿತು.

“ನಾಳೆ ಸನಿಕೆ ತಂದು ಸರಿಯಾಗಿ ಮಣ್ಣು ಮಾಡಾಣ” ಅಂದುಕೊಂಡನಂತೆ. ನಾಳೆ ಅಂದವನ ಮನೆ ಹಾಳು ಅಂತಾರಲ್ಲ. ಮಾರನೆ ದಿನ ಆ ದಾರಿಯಲ್ಲೇ ಹೋದ, ಬಾವಿ ಕಡೆ ತಿರುಗಲಿಲ್ಲ.

ಮೂರನೇ ದಿನ ನರಸಮ್ಮ ಹಾಲು-ತುಪ್ಪ ತಗೊಂಡು ಬಂದರು.

ಮನುಷ್ಯರು ಸತ್ತರೆ ಬಿಡ್ತೀವಲ್ಲ, ಹಾಗೇ. ಕೈಯಲ್ಲಿ ಸಣ್ಣ ಚೊಂಬು, ಮಡಿಲಲ್ಲಿ ಒಂದಿಷ್ಟು ಸೇವಂತಿಗೆ. “ಎಲ್ಲಪ್ಪಾ ನಮ್ ಕೆಂಚ?” ಅಂದರು. ಡಾಕ್ಟರಮ್ಮ ಒಳಗಿಂದಲೇ, “ಮೂರ್ತಿ, ಜಾಗ ತೋರ್ಸು” ಅಂತ ಕೂಗಿದರು. ಹಿತ್ತಲಲ್ಲಿ ನೀರಿನ ಪೈಪು ಹಾಕುವಾಗ ಎತ್ತಿದ ಮಣ್ಣು ನುಗ್ಗೆ ಮರದ ಕೆಳಗೆ ಗುಡ್ಡೆ ಬಿದ್ದಿತ್ತು. ಮೂರ್ತಿ ಅದನ್ನೇ ತೋರಿಸಿದ.

“ಇದೇನಾ?”

“ಹೂಂ.”

ಅಷ್ಟೇ. ಒಂದು ಹೂಂ. ಆ ಹೆಂಗಸು ಮಂಡಿಯೂರಿ, ಹಾಲು-ತುಪ್ಪ ಬಿಟ್ಟು, ಹೂ ಇಟ್ಟು, ಮಣ್ಣು ತಟ್ಟಿ ಕರೆದರು. “ಕೆಂಚಾ... ಬಾಪ್ಪಾ. ನಾನ್ ಬಂದಿವ್ನಿ ನೋಡು.”

ಆ ರಾತ್ರಿ ಮೂರ್ತಿ ಆಲದ ಮರ ದಾಟ್ತಿದ್ದ. ಗಾಳಿ ಇಲ್ಲ. ದೂರದಲ್ಲಿ ಹೈವೇ ಲಾರಿಗಳ ಗುಂಯ್ ಅನ್ನೋ ಸದ್ದು ಬಿಟ್ಟರೆ ಏನೂ ಇಲ್ಲ. ಬಾವಿಯ ತಳದಲ್ಲಿ...

ಕರ್.

ನಿಂತ.

ಕರ್... ಕರ್... ಆಮೇಲೆ ಸರ್ರ್ ಅಂತ ಜಾರಿ, ಎಲೆ ಮೇಲೆ ಧಪ್.

ನಾಯಿ ಉಗುರು ಕಲ್ಲಿಗೆ ಆನಿಸಿ ಹತ್ತೋಕೆ ನೋಡಿದರೆ ಬರೋ ಸದ್ದು. ನಾಯಿಗಳ ನಡುವೆಯೇ ಬದುಕೋನು, ಅವನಿಗೆ ಗೊತ್ತಾಗದೆ ಇರುತ್ತಾ? ಅವನಿಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಬದುಕಿದ್ದದ್ದನ್ನೇ ಎಸೆದುಬಿಟ್ಟೆನಾ ಅಂತ. ಬಗ್ಗಿ, ಫೋನಿನ ಟಾರ್ಚು ಬಿಟ್ಟ. ಚೀಲ ಬಿದ್ದ ಕಡೆಯೇ ಬಿದ್ದಿತ್ತು. ಬಾಯಿ ಕಟ್ಟಿದ್ದು ಹಾಗೇ ಇತ್ತು. ಅಲ್ಲಾಡ್ತಿರಲಿಲ್ಲ. ಅವನು ನೋಡ್ತಾ ಇದ್ದ ಹಾಗೇ, ಚೀಲಕ್ಕಿಂತ ಒಂದು ಗೇಣು ಮೇಲೆ, ಖಾಲಿ ಗೋಡೆಯಲ್ಲಿ... ಕರ್.

ನರಸಮ್ಮ ಹೂ ಮಾರಿ ಮುಗಿಸಿ ದಿನಾ ಸಂಜೆ ಬರೋಕೆ ಶುರು ಮಾಡಿದರು. ತಗಡಿನ ಬಾಗಿಲ ಕಡೆಯಿಂದಲೇ ಬರ್ತಿದ್ದರು, ಯಾರಿಗೂ ತೊಂದರೆ ಇಲ್ಲ. ಗುಡ್ಡೆ ಮೇಲೆ ಹೂ ಇಟ್ಟು ಒಂದೆರಡು ಸಲ ಕರೆದು ಹೋಗ್ತಿದ್ದರು. ಇವರು ಸಂಜೆ ಇಲ್ಲಿ ಕರೆಯೋದು, ರಾತ್ರಿ ಅದು ಅಲ್ಲಿ ಹತ್ತೋದು. ದಿನಕ್ಕಿಷ್ಟು ಮೇಲೆ ಬರ್ತಿತ್ತು. ಜಾರಿ ಬಿದ್ದು, ಮತ್ತೆ ಹತ್ತಿ...

ಮೂರ್ತಿ ಸೊರಗಿ ಕಡ್ಡಿಯಾದ. ಒಂದು ದಿನ ನನ್ನ ಮನೆ ಬಾಗಿಲಿಗೆ ಬಂದು ಕೂತ. ಪಿಸುಮಾತಿನಲ್ಲಿ ಎಲ್ಲ ಹೇಳಿದ.

“ಹೆದ್ರಿಕೆ ಆಯ್ತದೇನ್ಲಾ?”

“ಹೆದ್ರಿಕೆ ಅಲ್ಲಕ್ಕಾ... ಸುಸ್ತು. ಅದುನ್ನ ಕೇಳಿ ಕೇಳಿ ಸುಸ್ತಾಗೋಗದೆ.”

“ಹೋಗಿ ಆಯಮ್ಮಂಗೆ ನಿಜ ಹೇಳ್ಬುಡು.”

“ಏನಂತ ಹೇಳ್ಲಿ? ಹಾಲು-ತುಪ್ಪ ಬಿಟ್ಟಿದ್ದು ಬರೀ ಪೈಪಿನ ಮಣ್ಗೆ ಅಂತ್ಲಾ? ಆ ಜಾಗ ಒಂದೇ ಉಳ್ದಿರೋದು ಆಯಮ್ಮಂಗೆ.”

ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು.

ಆಮೇಲೆ ಆ ಮೆಸೇಜು ಬಂತು. ನರಸಮ್ಮನ ಫೋನಿಗೆ, ಆಸ್ಪತ್ರೆಯಿಂದ. ಅವರಿಗೆ ಓದೋಕೆ ಬರೋಲ್ಲ. ಪಕ್ಕದ ಹೂವಿನವಳು ಓದಿ ಹೇಳಿದಳಂತೆ, ಕೆಂಚನಿಗೆ ಸೂಜಿ ಹಾಕಿಸೋ ದಿನ ಆಯ್ತು, ಕರೆದುಕೊಂಡು ಬನ್ನಿ ಅಂತ. ಆವತ್ತು ಅವರು ಗಾಜಿನ ಬಾಗಿಲಿಂದ ಒಳಗೆ ಬಂದರು. ಕಾಯ್ತಾ ಕೂತವರ ಎದುರಿಗೇ ಫೋನು ಚಾಚಿದರು.

“ಕೆಂಚನ್ನ ಕರ್ಕಂಬಾ ಅಂತ ಬಂದದೆ ತಾಯಿ. ಎಲ್ಲಿಂದ ಕರ್ಕಂಬರ್ಲಿ?”

ಡಾಕ್ಟರಮ್ಮ ಫೋನು ನೋಡಿದರು. “ಅದು ಕಂಪ್ಯೂಟರ್ ತಾನಾಗೇ ಕಳಿಸೋದಮ್ಮಾ. ಏನೂ ಅಂದ್ಕೋಬೇಡಿ” ಅಂದರು. ಕೂತಿದ್ದವರೆಲ್ಲ ತಮ್ಮ ತಮ್ಮ ನಾಯಿ ಬೆನ್ನು ಸವರೋಕೆ ಶುರು ಮಾಡಿದರಂತೆ. ಮೂರ್ತಿ ಬಂದು ಅವರ ತೋಳು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದ. ಅವರು ಗುಡ್ಡೆ ಮುಂದೆ ಕೂತು, ನಗ್ತಾ ಇದ್ದರೋ ಅಳ್ತಾ ಇದ್ದರೋ, “ಕೆಂಚಾ, ಆಸ್ಪತ್ರೆಯೋರೇ ಕರೀತಾವ್ರಂತೆ ಕಣೋ... ಬಂದ್ಬುಡಪ್ಪಾ” ಅಂದರು.

ಆ ರಾತ್ರಿ ನನ್ನದು ಎರಡನೇ ಶಿಫ್ಟು. ಬಸ್ಸಿಳಿದರೆ ಮೂರ್ತಿ ಕಾಯ್ತಾ ನಿಂತಿದ್ದ. “ಜತೇಲಿ ಬಾಕ್ಕಾ” ಅಂದ. ಇಬ್ಬರೂ ನಡೆದೆವು. ಇನ್ನು ಮುಂದಿನದು ಅವನು ಹೇಳಿದ್ದಲ್ಲ, ನಾನು ಕೇಳಿದ್ದು.

ಆಲದ ಮರದ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದ. “ಕೇಳ್ಸ್ತಾ?”

“ಸುಮ್ಕಿರು.”

ಕರ್... ಕರ್... ಕರ್...

ತಳದಲ್ಲಿ ಅಲ್ಲ. ಬಾವಿಯ ಬಾಯಲ್ಲೇ. ಅಂಚಿನ ಕಲ್ಲೊಂದು ಕಟಕ್ ಅಂದಿತು. ಒಂದು ಉಸಿರು, ಬುಸ್ ಅಂತ, ಬಳಲಿದ ಉಸಿರು. ಆಮೇಲೆ ಪಟಪಟಪಟ... ನಾಯಿ ಮೈ ಕೊಡವಿದಾಗ ಕಿವಿ ಬಡಿದುಕೊಳ್ಳುತ್ತಲ್ಲ, ಅದೇ ಸದ್ದು. ನಾನು ಟಾರ್ಚು ಹಾಕಿದೆ. ಬಾವಿಕಟ್ಟೆ ಮೇಲೆ ಏನೂ ಇಲ್ಲ.

ಟಿಕ್ ಟಿಕ್ ಟಿಕ್ ಟಿಕ್...

ಟಾರು ರಸ್ತೆ ಮೇಲೆ ಉಗುರು. ನಮ್ಮ ಕಡೆಗೇ ಬಂತು. ನನ್ನ ಸೀರೆ ಅಂಚು ಅಲ್ಲಾಡಿತು. ಮೂರ್ತಿ ಕಣ್ಣು ಮುಚ್ಚಿ, “ತಪ್ಪಾಯ್ತು” ಅಂದ. ಅದು ನಿಲ್ಲಲಿಲ್ಲ. ನಾವು ಇದ್ದೀವಿ ಅನ್ನೋದೇ ಅದಕ್ಕೆ ಬೇಕಿರಲಿಲ್ಲ. ನಮ್ಮಿಬ್ಬರ ನಡುವೆ ಹಾದು, ಹೊಸೂರಿನ ಕಡೆಗೆ ಹೋಯ್ತು. ಒಂದು ಕಾಲು ಎಳೀತಾ ಇತ್ತು ಅಂತ ಕಾಣುತ್ತೆ... ಟಿಕ್ ಟಿಕ್, ಸರ್... ಟಿಕ್ ಟಿಕ್, ಸರ್...

ಮೂರ್ತಿ ಅಲ್ಲೇ ರಸ್ತೆ ಬದಿ ಕೂತು ಅತ್ತುಬಿಟ್ಟ. ಬೆಳಗಾಗಲಿ, ನಿಜ ಹೇಳಿಬಿಡೋಣ, ನಾನೂ ಬರ್ತೀನಿ ಅಂದೆ.

ಮಾರನೆ ಸಂಜೆ ಹಿತ್ತಲಲ್ಲಿ ನಾವು ಮೂವರೇ. ಮೂರ್ತಿ ನರಸಮ್ಮನ ಮುಂದೆ ಕೈ ಕಟ್ಟಿ ನಿಂತ.

“ಅಮ್ಮಾ, ಕೆಂಚ ಇಲ್ಲಿಲ್ಲ. ನಾನು ಮಣ್ ಮಾಡ್ಲೇ ಇಲ್ಲ. ಹಾಳುಬಾವೀಗೆ ಎಸೆದ್ಬುಟ್ಟೆ.”

ಆಯಮ್ಮ ಅವನ ಮುಖವನ್ನೇ ನೋಡಿದರು. “ಯಾಕಪ್ಪಾ ಇಂಗಂತೀಯ? ನಾನ್ ದಿನಾ ಮಾತಾಡ್ಸ್ಕೊಂಡ್ ಹೋಯ್ತಿವ್ನಿ. ಇಲ್ಲೇ ಅವ್ನಲ್ಲ?”

“ಇಲ್ಲಮ್ಮಾ. ಇದು ಬರೀ ಪೈಪಿನ ಮಣ್ಣು.”

“ಸುಮ್ಕಿರಪ್ಪಾ. ಸುಳ್ ಹೇಳ್ಬ್ಯಾಡ.”

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಮೂರ್ತಿ ಸನಿಕೆ ತಂದ. ತೋರಿಸಿಯೇ ಬಿಡ್ತೀನಿ, ಒಂದು ಸಲ ಬೈಸಿಕೊಂಡು ಮುಗಿಸ್ತೀನಿ ಅಂತ. ಗುಡ್ಡೆಯನ್ನ ನಾನು ಹತ್ತಿರದಿಂದ ನೋಡಿದೆ. ಮಣ್ಣು ಗಟ್ಟಿಯಾಗಿತ್ತು. ಮೇಲೆ ಗರಿಕೆ ಹುಟ್ಟಿತ್ತು. ತುಪ್ಪದ ಜಿಡ್ಡು ಇದ್ದ ಹಾಗೇ ಇತ್ತು. ಯಾರೂ ಕೆದಕಿರಲಿಲ್ಲ, ಇದನ್ನ ಮಾತ್ರ ನಾನು ಎಲ್ಲಿ ಬೇಕಾದರೂ ಹೇಳ್ತೀನಿ. ಅಗೆದ. ಮೊಣಕಾಲುದ್ದ ಹೋಗಿರಬಹುದು...

ಸನಿಕೆ ಮೆತ್ತಗೆ ಯಾವುದಕ್ಕೋ ತಾಗಿತು.

ಮೂರ್ತಿ ಸನಿಕೆ ಬಿಸಾಕಿ ಕೈಯಿಂದ ಮಣ್ಣು ಸರಿಸಿದ. ಕೆಂಪು ಕೂದಲು. ಮುದುರಿ ಮಲಗಿದ ನಾಯಿ. ಮುಂಗಾಲಲ್ಲಿ ಅವನೇ ಸುತ್ತಿದ ಹತ್ತಿ, ಅವನೇ ಅಂಟಿಸಿದ ಪ್ಲಾಸ್ಟರು. ಚೀಲ ಇರಲಿಲ್ಲ. ವಾಸನೆ ಇರಲಿಲ್ಲ. ಅವನು ಕೂತಲ್ಲೇ ಕೂತ.

ಸದ್ದು ಕೇಳಿ ಡಾಕ್ಟರಮ್ಮ ತಗಡಿನ ಬಾಗಿಲಿಗೆ ಬಂದರು. ಗುಂಡಿ ನೋಡಿದರು, ಅವನನ್ನ ನೋಡಿದರು. “ಸರಿಯಾಗೇ ಮಣ್ಣು ಮಾಡಿದ್ದೀಯಲ್ಲ ಮೂರ್ತಿ. ಮತ್ಯಾಕೆ ಅಗ್ದೆ?” ಅಂದರು. ಒಳಗಿಂದ ಯಾರೋ ಕರೆದರು. ಆವತ್ತು ಅವರು ಹೋಗಲಿಲ್ಲ. ಕೈಗವಸು ಕಳಚಿ, ನರಸಮ್ಮನ ಪಕ್ಕದಲ್ಲೇ ನೆಲದ ಮೇಲೆ ಕೂತರು.

ನರಸಮ್ಮನಿಗೆ ಮೂರ್ತಿ ಮೇಲೆ ಸಿಟ್ಟು. “ಮಲ್ಗಿದ್ದೋನ್ನ ಯಾಕಪ್ಪಾ ಎಬ್ಬಿಸ್ದೆ?” ಅಂತ ಬೈದರು. ಆಮೇಲೆ ಗುಂಡಿಗೆ ಕೈಯಿಳಿಸಿ ಕೆಂಚನ ತಲೆ ಸವರಿದರು. ಕುತ್ತಿಗೆ, ಬೆನ್ನು, ನಿಧಾನವಾಗಿ. ಪಾದದ ಹತ್ತಿರ ಬಂದಾಗ ಕೈ ನಿಂತಿತು. ಪಾದ ಎತ್ತಿ ನೋಡಿದರು. ಮೂರ್ತಿ ಕಡೆ ತಿರುಗಿ ಕೇಳಿದರು,

“ಉಗುರ್ಯಾಕಪ್ಪಾ ಇಷ್ಟ್ ಕತ್ತರ್ಸ್‌ಬುಟ್ಟೆ?”

ಯಾರೂ ಕತ್ತರಿಸಿರಲಿಲ್ಲ ಕಣ್ರೇ. ನಾನು ಬಗ್ಗಿ ನೋಡಿದೆ, ಈ ಕಣ್ಣಿಂದ. ನಾಲ್ಕು ಕಾಲಿನದೂ ಬುಡದವರೆಗೆ ಸವೆದುಹೋಗಿತ್ತು.