ಮೂಲೆಯಲ್ಲಿ ಕೆಂಪು ದಾರ

ಭಾನುವಾರ ಅಮೃತೂರಿನಲ್ಲಿ ನರಸಿಂಹಯ್ಯನ ಕೊಲೆಯಾಯಿತು. ಮಂಗಳವಾರ ಪೊಲೀಸರು ಚಿಕ್ಕಮಾರಯ್ಯನನ್ನು ಹಿಡಿದರು. ಬುಧವಾರದ ಹೊತ್ತಿಗೆ ಕುಣಿಗಲ್ ಬಸ್ ಸ್ಟ್ಯಾಂಡು ಅವನನ್ನು ಗಲ್ಲಿಗೇರಿಸಿ ಮುಗಿಸಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಅಮೃತೂರಿನ ಇಬ್ಬರು ಹೆಂಗಸರು ಕೂತಿದ್ದರು.

“ಹೆಣದ ಪಕ್ಕ ಅವನ ಕಂಬ್ಳಿ ಸಿಕ್ತಂತೆ ಕಣೇ ವನಜಮ್ಮ. ಇನ್ನೇನ್ ಬೇಕು?”

“ಅವನ್ದೇ ಅಂತ ಹೆಂಗೆ ಗೊತ್ತು, ಗಿರಿಯಮ್ಮ?”

“ಮೂಲೇಲಿ ಕೆಂಪು ದಾರದ ಹೊಲಿಗೆ ಐತೆ. ಅವನ ಹೆಂಡ್ತೀನೇ ನಮ್ದು ಅಂದ್ಬುಟ್ಲಂತೆ.”

“ಅವನೇನಂತಾನೆ?”

“ಹೋದ್ ತಿಂಗ್ಳು ಊರ್ಡಿಗೆರೆ ಮದ್ವೇಲಿ ಕಂಬ್ಳಿ ಅದ್ಲುಬದ್ಲಾಯ್ತು ಅಂತಾನೆ. ಕಳ್ಳಂಗೊಂದು ಪಿಳ್ಳೆ ನೆವ.”

ವನಜಮ್ಮ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ಆ ಮದ್ವೆಯಿಂದ ನಮ್ ಯಜಮಾನ್ರು ಬ್ಯಾರೆಯವ್ರ ಕಂಬ್ಳಿ ಹೊದ್ಕೊಂಡು ಬಂದಿದ್ರು. ಮೂಲೇಲಿ ಕೆಂಪು ದಾರ ಇತ್ತು.”

“ಈಗೆಲ್ಲೈತೆ ಅದು?”

“ಭಾನುವಾರ ಹೊದ್ಕೊಂಡು ಹೋದ್ರು. ವಾಪಸ್ ಬರ್ವಾಗ ಮೈಮ್ಯಾಲೆ ಇರ್ಲಿಲ್ಲ.”

ಗಿರಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಮೃತೂರಿನ ಬಸ್ಸು ಬಂದು ನಿಂತಿತು.

“ಹತ್ತು, ಬಸ್ ಹೊಂಟೋಯ್ತದೆ,” ಅಂದಳು.

“ಅವ್ರು ಮನೇಲೇ ಅವ್ರೆ, ಗಿರಿಯಮ್ಮ. ಹೋಗಿ ಮುದ್ದೆ ಇಕ್ಬೇಕು ನಾನು.”

ಇಬ್ಬರೂ ಹತ್ತಿದರು. ಅಕ್ಕಪಕ್ಕ ಸೀಟು ಖಾಲಿಯಿದ್ದರೂ ಗಿರಿಯಮ್ಮ ಹಿಂದೆ ಹೋಗಿ ಕೂತಳು.